ಸಡ್ಡಕನ ಮೊಣಕಾಲು

ಜನ ಇನ್ನೊಬ್ಬರ ಮನೆ, ಹೊಲ, ಬಡ್ತಿ ನೋಡಿ ಹೊಟ್ಟೆಕಿಚ್ಚು ಪಡುತ್ತಾರೆ. ನಾನು ಪಡುವುದು ಒಂದು ಮೊಣಕಾಲು ನೋಡಿ. ಅದು ನನ್ನ ಹೆಂಡತಿಯ ಅಕ್ಕನ ಗಂಡ, ಅಂದರೆ ನನ್ನ ಸಡ್ಡಕ ಮಲ್ಲಣ್ಣನದು. ಅವನು ಧೋತರ ಮೇಲೆತ್ತಿ ಚಕ್ಕಂಬಕ್ಕಳ ಹಾಕಿ ಕೂತನೆಂದರೆ ನನಗೆ ಉಂಡದ್ದು ಮೈಗೆ ಹತ್ತುವುದಿಲ್ಲ.

ನಾವಿಬ್ಬರೂ ಬಿದ್ದದ್ದು ಒಂದೇ ಬೈಕಿನಿಂದ. ಗೋಗಿ ರಸ್ತೆಯಲ್ಲಿ ಎಮ್ಮೆಯೊಂದು ಅಡ್ಡ ಬಂತು. ಓಡಿಸುತ್ತಿದ್ದವನು ಅವನು, ಹಿಂದೆ ಹೋಳಿಗೆ ಡಬ್ಬಿ ಅಪ್ಪಿಕೊಂಡು ಕೂತವನು ನಾನು. ಅವನ ಕಾಲು ಮೊಣಕಾಲಿನ ಕೆಳಗೆ ನಟ್ಟನಡುವೆ ಮುರಿಯಿತು, ನನ್ನದು ಮೊಣಕಾಲಿನ ಕೀಲಿನೊಳಗೇ ಬಿರಿಯಿತು. ಮುರಿಯುವಾಗಲೂ ಒಳ್ಳೆಯ ಜಾಗ ನೋಡಿಕೊಂಡು ಮುರಿಯುವಷ್ಟು ಅವನ ಎಲುಬು ಚಾಲಾಕಿ. ಇಬ್ಬರದೂ ಕೂಡಿತು. ಕೆಲವು ವರ್ಷಗಳ ಮೇಲೆ ನನ್ನದು ಮಾತ್ರ ಕಟಕಟ ಅನ್ನತೊಡಗಿತು. ಯಾದಗಿರಿಯ ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು, "ಎಲುಬು ಕೂಡ್ಯದರಿ, ಆದ್ರ ಕೀಲಿನ ಮ್ಯಾಲ ಸಣ್ಣ ಮೆಟ್ಟಲ ಉಳದದ. ಒಂದಕ್ಕೊಂದು ಸರಿ ಕುಂದ್ರವಲ್ಲವು. ಅದಕ್ಕ ತಿಕ್ಕಿ ತಿಕ್ಕಿ ಸವದದ" ಅಂದರು. ನಾನು ಕೇಳಿದ್ದು ಒಂದೇ ಪ್ರಶ್ನೆ: "ಮಲ್ಲಣ್ಣಂದೂ ಸವೀತದೇನ್ರಿ?" ಇಲ್ಲವಂತೆ.

ಸುರಪುರದ ಮಾವನ ಮನೆಯಲ್ಲಿ ಏನೇ ಕಾರ್ಯವಾಗಲಿ, ಅಳಿಯಂದಿರನ್ನು ಕಂಬಳಿಯ ಮೇಲೆ ಜೋಡಿಯಾಗಿ ಕೂರಿಸಿ ಆಯೇರಿ ಮಾಡುತ್ತಾರೆ, ಅಂದರೆ ಹೊಸ ಬಟ್ಟೆಯ ಉಡುಗೊರೆ ಕೊಡುತ್ತಾರೆ. ನನ್ನ ಕಾಲು ಮಡಚದಂತಾದ ಮೇಲೆ ನನಗೊಂದು ತೋಳಿನ ಕುರ್ಚಿ ಬಂತು. ಮನೆಗೆ ಅಂಥದ್ದು ಇದ್ದದ್ದೇ ಒಂದು. ಕುರ್ಚಿ ಎತ್ತರವಲ್ಲವೇ, ಚಹಾ ಮೊದಲು ನನಗೇ ಬರತೊಡಗಿತು, ಆಯೇರಿಯೂ ಮೊದಲು ನನಗೇ. ಕಿರಿ ಅಳಿಯ ನಾನು; ಸವೆದ ಕೀಲು ಕೊಟ್ಟ ಆ ಒಂದು ಮೇಲುಗೈಯನ್ನು ಬಿಟ್ಟುಕೊಡುವ ಮನಸ್ಸು ನನಗಿರಲಿಲ್ಲ.

ಮೊನ್ನೆ ಆ ಮನೆಯ ಮೊಮ್ಮಗನ ಮೊದಲ ಕೂದಲು ತೆಗೆಸುವ ಜಾವಳಕ್ಕೆ ಹೋದರೆ ಮಲ್ಲಣ್ಣ ಕುಂಟುತ್ತ ಬಂದ. "ಯಾಕ್ರಿ ಅಣ್ಣಾರ?" ಅಂದೆ. "ಹಳೀ ಪೆಟ್ಟು ಎದ್ದದ ತಮ್ಮಾ" ಎಂದು ನರಳಿದ. ಅವನ ಕುಂಟು ನೋಡಿ ನನ್ನ ಎದೆ ಉರಿಯಿತು, ಯಾಕೆಂದರೆ ಅದು ನನ್ನದಕ್ಕಿಂತ ಚಂದ ಇತ್ತು. ಅತ್ತೆಯವರು ಕರಗಿ, "ಹಿರೇರು ಮೊದಲ ಕುಂದರ್ರಿ" ಎಂದು ಕುರ್ಚಿಯನ್ನು ಅವನ ಹಿಂದೆ ಸರಿಸಿಯೇಬಿಟ್ಟರು. ನನಗೆ ಇನ್ನೊಂದು ಹುಡುಕುತ್ತೇವೆ ಅಂದರು.

"ಬ್ಯಾಡ್ರಿ, ನನಗೇನೂ ಆಗಿಲ್ಲ" ಎಂದು ನಾನು ಸಿಟ್ಟಿನಲ್ಲಿ ಕಂಬಳಿಯ ಮೇಲೆ ಕೂತೆ. ಕೂತೆ ಅನ್ನುವುದಕ್ಕಿಂತ ಬಿದ್ದೆ. ಹೆಂಡತಿ ದೂರದಿಂದಲೇ ಹಣೆ ಬಡಿದುಕೊಂಡಳು. ಆಯೇರಿ ಮುಗಿಯಿತು, ಎಲ್ಲರೂ ಊಟಕ್ಕೆ ಎದ್ದರು. ನಾನು ಏಳಲು ಹೋದರೆ ಮೊಣಕಾಲು ಬೀಗ ಹಾಕಿಕೊಂಡು ಕೂತಿತ್ತು. "ಅಯ್ಯಯ್ಯೋ" ಎಂದು ಬಾಯಿಬಿಟ್ಟೆ.

ಮಲ್ಲಣ್ಣ ಕುರ್ಚಿಯಿಂದ ಛಂಗನೆ ಜಿಗಿದ. ಕುಂಟು, ನರಳಾಟ ಎಲ್ಲ ಮರೆತು ನನ್ನೆದುರು ಕುಕ್ಕರುಗಾಲಲ್ಲಿ ಕೂತು, ಕಂಕುಳಿಗೆ ಕೈ ಹಾಕಿ ಒಂದೇ ಸಲಕ್ಕೆ ಎತ್ತಿದ. "ಸಾವಕಾಶ ತಮ್ಮಾ, ನಾ ಅದೀನಿ" ಅಂದ. ಅವನ ಕಳ್ಳತನ ಬಯಲಾಗಿ ಎಲ್ಲರೂ ನಕ್ಕರು. ಕುರ್ಚಿ ನನಗೆ ವಾಪಸ್ ಬಂತು. ನಾನೂ ನಗಬೇಕಿತ್ತು, ಕಡೆಗೆ ಅವನಿಗೊಂದು ಒಳ್ಳೆಯ ಮಾತಾದರೂ ಆಡಬೇಕಿತ್ತು. ಆದರೆ ಅವನು ನನ್ನನ್ನು ಅಪ್ಪಿ ಎತ್ತುವಾಗಲೂ ನಾನು ನೋಡುತ್ತಿದ್ದದ್ದು ಅವನ ಮೊಣಕಾಲನ್ನೇ. ಹಾಳಾದದ್ದು, ಒಂದು ಸದ್ದೂ ಮಾಡಲಿಲ್ಲ.