ಸಾಹೇಬರ ಸಂಶಯ, ನನ್ನ ಗಂಟಲು

ರೇಡಿಯೋದ ಚೀಲ ಹೆಗಲಿಗೆ ಹಾಕಿಕೊಂಡು ಯಾರ ಮನೆ ಬಾಗಿಲಿಗೆ ಹೋದರೂ ಆ ಮನೆಯವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ಚೀಲ ನೋಡುತ್ತಾರೆ, ಆಮೇಲೆ ಒಳಗೆ ಹೋಗಿ ಇನ್ನೊಬ್ಬರನ್ನು ಕರೆತಂದು ಇಬ್ಬರೂ ಸೇರಿ ಮತ್ತೊಮ್ಮೆ ನೋಡುತ್ತಾರೆ. ಆರು ವರ್ಷದಿಂದ ಇದೇ ನಡೆದಿದೆ. ಇನ್ನೂ ನಡೆಯುತ್ತದೆ, ಅದರಲ್ಲಿ ನನಗೆ ಸಂಶಯವಿಲ್ಲ.

ಜಮಖಂಡಿಯ ಒಂದು ಸಣ್ಣ ರೇಡಿಯೋ ಕೇಂದ್ರದಲ್ಲಿ ನಾನು ಕಾರ್ಯಕ್ರಮ ನಡೆಸುವವನು. ವಾರಕ್ಕೊಮ್ಮೆ ಒಬ್ಬ ಸಾಹಿತಿ ಇಲ್ಲವೇ ಕಲಾವಿದರ ಮನೆಗೆ ಹೋಗಿ, ಅವರ ಬದುಕು, ಅವರ ಕೆಲಸ ಎಂದು ಅರ್ಧ ತಾಸು ಮಾತಾಡಿಸಿಕೊಂಡು ಬರಬೇಕು. ಆ ಅರ್ಧ ತಾಸು ನನಗೆ ಜೀವ. ಹೊರಗಿನವರ ಸಂಶಯವೂ ಅರ್ಧ ತಾಸಿನದೇ. ಚಹಾ ಕುಡಿಯುವ ಹೊತ್ತಿಗೆ ಕರಗುತ್ತದೆ. ನಮ್ಮ ಕೇಂದ್ರದ ಸಾಹೇಬರದು ಮಾತ್ರ ಕಾಯಂ.

ಅದಕ್ಕೆ ಕಾರಣ ನನ್ನದೇ ಗಂಟಲು. ಕೇಂದ್ರದ ವಾರ್ಷಿಕ ಸಮಾರಂಭದಲ್ಲಿ ಎಲ್ಲರ ಒತ್ತಾಯಕ್ಕೆ ನಾಲ್ಕು ಜನರ ದನಿ ಅನುಕರಿಸಿದೆ: ಒಬ್ಬ ಮುದುಕ, ಒಬ್ಬ ಮುದುಕಿ, ಒಬ್ಬ ಬಸ್ ಕಂಡಕ್ಟರ್, ಕೊನೆಗೆ ನಮ್ಮ ಸಾಹೇಬರು. ಮೊದಲ ಮೂರಕ್ಕೆ ಎಲ್ಲರೂ ನಕ್ಕರು. ನಾಲ್ಕನೆಯದಕ್ಕೆ ಸಾಹೇಬರನ್ನು ಬಿಟ್ಟು ಎಲ್ಲರೂ ನಕ್ಕರು. ಮರುದಿನ ನನ್ನನ್ನು ಕೋಣೆಗೆ ಕರೆದರು.

"ನೀವು ವಾರಾ ವಾರಾ ಮಂದಿನ್ನ ಮಾತಾಡ್ಸಿಕೊಂಡು ಬರತೀರಲ್ಲ, ಅವರೆಲ್ಲಾ ಖರೇನ ಅದಾರೇನ್ರೀ?"

"ಅದಾರ್ರೀ ಸಾಹೇಬ್ರ."

"ಇರಲಿ. ಆದ್ರ ನಾ ಇನ್ನಮುಂದ ಕಿವಿಗೊಟ್ಟು ಕೇಳಾಂವ. ಎಲ್ಲಾ ದನಿ ನಿಮ್ಮದ ಅಂತ ಗೊತ್ತಾತಂದ್ರ ಕಾರ್ಯಕ್ರಮ ಬಂದ್. ಆ ಹೊತ್ತಿನ್ಯಾಗ ಸಿನಿಮಾ ಹಾಡು ಹಚ್ಚಿದ್ರಾತು."

ನನಗೆ ಸಿಟ್ಟು ಬಂತು. ಆದರೆ ಸಿಟ್ಟಿಗಿಂತ ಹೆಚ್ಚು ಹೆದರಿಕೆ ಬಂತು. ಸಿನಿಮಾ ಹಾಡು ಹಚ್ಚಲಿಕ್ಕೆ ನಾನು ಬೇಕಾಗಿಲ್ಲವಲ್ಲ.

ಗೋಡೆಗೆ ಮುಖ

ಮೊದಲು ಹೋಗಿದ್ದು ಬನಹಟ್ಟಿಗೆ, ಸೀರೆಯ ಅಂಚಿನ ನಕ್ಷೆ ಬರೆಯುವ ಒಬ್ಬ ಕಲಾವಿದರ ಮನೆಗೆ. ನನ್ನನ್ನು ಕಂಡವರೇ ಮೇಜಿನ ಮೇಲಿದ್ದ ನಕ್ಷೆಯ ಮೇಲೆ ಒಂದು ಚಾದರ ಎಳೆದರು.

"ಯಾರ ಕಡೆಯವ್ರು?"

"ರೇಡಿಯೋದವ್ರೀ."

"ಅದು ಗೊತ್ತಾತು. ಯಾರ ಕಡೆಯವ್ರು?"

ಹಿಂದಿನ ಓಣಿಯಲ್ಲಿ ಇನ್ನೊಬ್ಬರು ನಕ್ಷೆ ಬರೆಯುತ್ತಾರಂತೆ. ಇವರು ಹೊಸ ಅಂಚು ತೆಗೆದ ವಾರದೊಳಗೆ ಅದೇ ಅಂಚು ಆ ಓಣಿಯ ಮಗ್ಗದ ಮೇಲೆ ಇರುತ್ತದಂತೆ. ನಾನು ಸಮಾಧಾನ ಹೇಳಿದೆ. "ಹೆದರಬ್ಯಾಡ್ರಿ. ರೇಡಿಯೋದಾಗ ಚಿತ್ರ ಕಾಣಂಗಿಲ್ಲ."

"ಕಾಣಂಗಿಲ್ಲಂದ್ರ ಕಣ್ಣು ಯಾಕ ತಗೊಂಡು ಬಂದೀರಿ?"

ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ನಾನು ಗೋಡೆಗೆ ಮುಖ ಮಾಡಿ ಕೂರುವುದು, ಅವರು ನನ್ನ ಬೆನ್ನಿಗೆ ಉತ್ತರ ಹೇಳುವುದು. ಹಾಗೆಯೇ ಅರ್ಧ ತಾಸು ಕಳೆಯಿತು. ಹೊಸ ಅಂಚು ಹೇಗಿದೆ ಎಂದು ಕೇಳಿದಾಗ, ಹಸಿರು ಅಂಚು, ಅದರೊಳಗೆ ಜೋಡಿ ನವಿಲು ಎಂದು ಕಣ್ಣಿಗೆ ಕಟ್ಟುವಂತೆ ಬಣ್ಣಿಸಿದರು. ಮೈಕ್ ಬಂದ್ ಮಾಡಿದ ಮೇಲೆ ನನ್ನ ಮೇಲೆ ನಂಬಿಕೆ ಬಂದು ಚಾದರ ಸರಿಸಿ ತೋರಿಸಿದರು. ಕೆಂಪು ಅಂಚು, ಸಾಲು ಆನೆ.

"ನವಿಲಂದ್ರಿ?"

"ಹಿಂದಿನ ಓಣಿಯಾಗೂ ರೇಡಿಯೋ ಕೇಳತಾರ್ರೀ. ಒಂದ್ ತಿಂಗಳ ನವಿಲ ನೇಯಲಿ."

ಒಂದು ತಿಂಗಳ ನಂತರ ಅವರದೇ ಫೋನು. ಕಿವಿ ಕಿತ್ತುಹೋಗುವಷ್ಟು ಸಿಟ್ಟು. "ಏನ್ ಮಾಡಿಟ್ರಿ ನೀವು! ಹಿಂದಿನ ಓಣಿಯವ್ರು ನವಿಲ ನೇದು ಇಡೀ ಊರಿಗೆ ಉಡಿಸ್ಯಾರ. ನನ್ನ ಆನಿ ಯಾರೂ ಕೇಳವಲ್ರು!"

ಸಾಹೇಬರ ದೂರು ಬೇರೆಯೇ ಇತ್ತು. ಪ್ರಸಾರ ಕೇಳಿ ಮುಗಿಸಿ ಅವರು ಮೀಸೆಯೊಳಗೆ ನಕ್ಕರು. "ಒಂದು ದನಿ ಗ್ವಾಡಿ ಕಡೆ, ಇನ್ನೊಂದು ದನಿ ಮೈಕಿನ ಕಡೆ. ಒಬ್ಬನ ಮನಷ್ಯಾ ಹೊಳ್ಳಿ ಹೊಳ್ಳಿ ಕುಂತು ಮಾತಾಡಿದ್ರ ಹಿಂಗ ಕೇಳತೈತಿ ನೋಡ್ರಿ."

ಮೊಲ

ಇನ್ನು ಕೋಣೆಯೊಳಗೆ ಮಾತಾಡಿಸಲೇಬಾರದು ಎಂದು ತೀರ್ಮಾನಿಸಿದೆ. ಬಯಲಿನಲ್ಲಿ ಮಾತಾಡಿಸಿದರೆ ಹಕ್ಕಿ, ಗಾಳಿ, ಟ್ರ್ಯಾಕ್ಟರು ಎಲ್ಲವೂ ಸಾಕ್ಷಿ ಹೇಳುತ್ತವೆ. ಮುಧೋಳದ ಕಡೆ ಹೊಲದಲ್ಲೇ ಮನೆ ಮಾಡಿಕೊಂಡ ಒಬ್ಬ ಕಾದಂಬರಿಕಾರರಿದ್ದರು. ಹೋದೆ. ಅವರ ಪಕ್ಕದಲ್ಲಿ ಅವರಷ್ಟೇ ತೆಳ್ಳಗಿನ ಒಂದು ಬೇಟೆನಾಯಿ ನಿಂತಿತ್ತು.

"ನಾಯಿ ನೋಡಾಕ ಬಂದೀರೇನು?" ಎಂದರು ಕಾದಂಬರಿಕಾರರು.

"ಅಲ್ಲರೀ, ನಿಮ್ಮನ್ನ ನೋಡಾಕ."

ಅವರಿಗೆ ಸಂಶಯ ಇನ್ನೂ ಹೆಚ್ಚಾಯಿತು. "ಹತ್ತು ಕಾದಂಬರಿ ಬರದೀನಿ. ನನ್ನ ನೋಡಾಕ ಅಂತ ಇವತ್ತಿಗೂ ಯಾರೂ ಬಂದಿಲ್ಲ. ಬಂದವ್ರೆಲ್ಲಾ ನಾಯಿ ಕೇಳತಾರ, ಮರಿ ಕೇಳತಾರ. ಖರೇ ಹೇಳ್ರಿ."

ಅವರ ಎರಡು ಕಾದಂಬರಿಯ ಕಥೆ ಒಪ್ಪಿಸಿದ ಮೇಲೆ ಅವರ ಕಣ್ಣು ತುಂಬಿ ಬಂತು. ಬದುವಿನ ಮೇಲೆ ಕೂತೆವು. ಗಾಳಿ ಜೋರಾಗಿತ್ತು. ಗಾಳಿಯ ಸದ್ದು ತಡೆಯಲು ಮೈಕಿಗೆ ಹಾಕುವ ಒಂದು ಟೊಪ್ಪಿಗೆ ಇರುತ್ತದೆ: ಬೂದು ಬಣ್ಣದ, ಮೆತ್ತನೆಯ, ಉದ್ದ ಕೂದಲಿನದು. ಅದನ್ನು ಅಂಗೈಯಗಲದ ರೆಕಾರ್ಡರಿಗೆ ತೊಡಿಸಿ ಬದುವಿನ ಮೇಲಿಟ್ಟು, "ನಿಮ್ಮ ಬಾಲ್ಯದಿಂದ ಸುರು ಮಾಡೂಣ್ರೀ" ಎಂದೆ.

ಬಾಲ್ಯ ಶುರುವಾಗಲೇ ಇಲ್ಲ. ನಾಯಿಗೆ ಅದು ಮೊಲದ ಹಾಗೆ ಕಂಡಿತ್ತು.

ರೆಕಾರ್ಡರ್ ಕಚ್ಚಿಕೊಂಡು ನಾಯಿ ಕಬ್ಬಿನೊಳಗೆ ನುಗ್ಗಿತು. ಹಿಂದೆ ಕಾದಂಬರಿಕಾರರು, ಅವರ ಹಿಂದೆ ನಾನು. ಮುಕ್ಕಾಲು ತಾಸಿನ ಮೇಲೆ ರೆಕಾರ್ಡರ್ ಸಿಕ್ಕಿತು, ಟೊಪ್ಪಿಗೆ ಸಿಗಲಿಲ್ಲ. ಅಷ್ಟು ಹೊತ್ತೂ ಎರಡೂ ಓಡುತ್ತಲೇ ಇದ್ದವು, ನಾಯಿಯೂ ಹೌದು, ರೆಕಾರ್ಡರೂ ಹೌದು. ಏದುಸಿರು, ಕಬ್ಬಿನ ಒಣ ಎಲೆಗಳ ಸಪ್ಪಳ, ದೂರದಿಂದ ಕಾದಂಬರಿಕಾರರು ನಾಯಿಗೆ ಬೈಯುವುದು ಎಲ್ಲವೂ ದಾಖಲಾಗಿತ್ತು. ಅವರ ಕಾದಂಬರಿಗಳಲ್ಲೂ ಅಷ್ಟು ಜೀವಂತ ಭಾಷೆ ಇಲ್ಲ.

ಇದಕ್ಕಿಂತ ದೊಡ್ಡ ಸಾಕ್ಷಿ ಯಾವುದಿದೆ? ಹೆಮ್ಮೆಯಿಂದ ಸಾಹೇಬರಿಗೆ ಕೇಳಿಸಿದೆ. ಕಣ್ಣು ಮುಚ್ಚಿ ಪೂರಾ ಕೇಳಿದರು.

"ನಾಯಿ ಭಾಳ ಛಲೋ ಮಾಡೀರಿ. ಕಬ್ಬಿನ ಸಪ್ಪಳ ಯಾತರ್ಲೆ ಮಾಡಿದ್ರಿ, ಪೇಪರಿನಿಂದೇನು?"

ಹನ್ನೊಂದು ಗಿಡ

ಈಗ ಸಾಹೇಬರು ಒಂದು ಫಾರ್ಮು ತಯಾರು ಮಾಡಿದರು. ಅತಿಥಿಯ ಹೆಸರು, ಹುಟ್ಟಿದ ಊರು, ಮನೆ ನಂಬರು, ಕೆಳಗೆ ಸಹಿ. ಸಹಿ ಇಲ್ಲದೆ ಪ್ರಸಾರ ಇಲ್ಲ.

ಆ ಫಾರ್ಮು ಹಿಡಿದು ಬೀಳಗಿಯ ಕಡೆಗೆ ಹೋದೆ. ಒಬ್ಬ ನಿವೃತ್ತ ಹೆಡ್ ಮಾಸ್ತರರು, ಒಳ್ಳೆಯ ಕವಿ. ಅವರ ಹಳೆಯ ಊರು ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿ ಹೋಗಿದೆ. ಆ ಊರಲ್ಲಿ ಮನೆಯ ಮುಂದಿದ್ದ ಒಂಟಿ ಬೇವಿನ ಗಿಡದ ಮೇಲೆ ಅವರು ಬರೆದ ಪದ್ಯ ನನಗೆ ಬಾಯಿಪಾಠ ಇತ್ತು. ಮಾತು ಅಲ್ಲಿಂದಲೇ ಶುರು ಮಾಡಿದೆ.

"ನಿಮ್ಮ ಹಳೇ ಮನಿ ಹೆಂಗಿತ್ರೀ? ಮುಂದ ಗಿಡಾ ಇತ್ತಲ್ಲ?"

ಒಳಗಿನಿಂದ ಅವರ ಹೆಂಡತಿಯ ದನಿ ಬಂತು. "ಏನೂ ಹೇಳಬ್ಯಾಡ್ರಿ! ನಾ ಬಂದೆ!"

ಆ ಊರವರ ಬಾಗಿಲಿಗೆ ಮುಳುಗಡೆ ಪರಿಹಾರದ ಕಾಗದ ಹಿಡಿದು ಬಂದವರೆಲ್ಲ ಒಂದು ಕಾಲಕ್ಕೆ ಇದನ್ನೇ ಕೇಳಿದ್ದರು: ಎಷ್ಟು ಅಂಕಣದ ಮನೆ, ಎಷ್ಟು ಗಿಡ. ಆ ತಾಯಿ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಫಾರ್ಮು ನೋಡಿ, ನೆಟ್ಟಗೆ ಕೂತು, "ಬರಕೋರಿ. ಹನ್ನೊಂದು ಗಿಡಾ" ಎಂದರು.

ಕವಿಗಳು ಕಂಗಾಲಾದರು. "ಏ, ಒಂದ ಗಿಡಾ ಇತ್ತು. ಒಂಟಿ ಗಿಡಾ ಅಂತ ಪದ್ಯಾನ ಐತಿ."

"ನಿಮ್ಮ ಪದ್ಯಾದಿಂದ್ಲೇ ಆವತ್ತು ಪರಿಹಾರ ಕಡಿಮಿ ಆತು. ಅದರಾಗೂ ಹನ್ನೊಂದು ಅಂತ ತಿದ್ದರಿ."

ನಾನು ರೇಡಿಯೋದವನು ಎಂದು ಆಣೆ ಮಾಡಿ ಹೇಳಿದೆ. ತಲೆಯಾಡಿಸಿದರು, ಆದರೆ ನಂಬಲಿಲ್ಲ. ಸಹಿಯ ಹೊತ್ತಿಗೆ ಗಂಡನ ಕೈಯಿಂದ ಪೆನ್ನು ಕಸಿದುಕೊಂಡು, ಮೊಮ್ಮಗಳ ಬಣ್ಣದ ಡಬ್ಬಿ ತಂದು, ಹೆಬ್ಬೆಟ್ಟು ಒತ್ತಿಸಿದರು. "ಓದಾಕ ಬರಂಗಿಲ್ಲ ಅಂತಿರಲಿ. ನಾಳೆ ತಕರಾರ ಬಂದ್ರ ಗೊತ್ತಿರಲಿಲ್ಲ ಅನಬಹುದು."

ಸಾಹೇಬರು ಫಾರ್ಮನ್ನು ಬೆಳಕಿಗೆ ಹಿಡಿದು ನೋಡಿದರು. ನೀಲಿ ಹೆಬ್ಬೆಟ್ಟು.

"ಹೆಡ್ ಮಾಸ್ತರ, ಮ್ಯಾಲ ಕವಿ. ಹೌದಲ್ರೀ? ನಾ ಈಗಾಗಲೇ ದೊಡ್ಡ ಆಫೀಸಿಗೆ ಬರದೀನಿ. ಈ ಮನಷ್ಯಾ ಯಾರ ದನಿ ಬೇಕಾದ್ರೂ ಮಾಡತಾನ ಅಂತ. ಇನ್ನ ಹೆಬ್ಬೆಟ್ಟೂ ಮಾಡತಾನ ಅಂತ ಬರೀತೀನಿ."

ಎದುರು ಪಾರ್ಟಿ

ಮುಂದಿನ ವಾರ ತಾವೇ ಜೊತೆಗೆ ಬರುವುದಾಗಿ ಸಾಹೇಬರು ಹೇಳಿದರು. ಅತಿಥಿ ಸರಿಯಾಗಿ ಮಾತಾಡಿದರೆ ಕಾರ್ಯಕ್ರಮ ಉಳಿಯುತ್ತದೆ, ಇಲ್ಲದಿದ್ದರೆ ಅದೇ ಕೊನೆ.

ಅತಿಥಿ ಜಮಖಂಡಿ ಹತ್ತಿರದ ಹಳ್ಳಿಯ ಒಬ್ಬ ಗೀಗೀ ಹಾಡುಗಾರ್ತಿ. ನಮ್ಮ ಕಡೆ ಗೀಗೀ ಪದ ಅಂದರೆ ಎರಡು ಪಾರ್ಟಿಗಳ ಜಗಳ. ಹರದೇಶಿಯವರು ಗಂಡೇ ಹೆಚ್ಚು ಎಂದು ಹಾಡುತ್ತಾರೆ, ನಾಗೇಶಿಯವರು ಹೆಣ್ಣೇ ಹೆಚ್ಚು ಎಂದು ಹಾಡುತ್ತಾರೆ. ಒಬ್ಬರು ಸವಾಲು ಹಾಕಿದರೆ ಇನ್ನೊಬ್ಬರು ಜವಾಬು ಕೊಡಬೇಕು. ಈ ತಾಯಿ ನಾಗೇಶಿ. ನಲವತ್ತು ವರ್ಷ ಒಬ್ಬರಿಗೂ ಸೋತವರಲ್ಲ.

ನಾನು ಮೈಕ್ ಹಿಡಿದು ಮುಂದೆ ಕೂತೆ. ಸಾಹೇಬರು ಹಿಂದೆ ಗೋಡೆಗೆ ಒರಗಿ, ಕಿವಿಗೆ ಹೆಡ್‌ಫೋನು ಹಾಕಿ, ಒಂದು ಹಾಳೆಯಲ್ಲಿ ಏನೋ ಗೀಚುತ್ತಾ, ಆಗಾಗ ನನ್ನ ಭುಜ ತಟ್ಟಿ, "ಇದನ್ನ ಕೇಳ್ರಿ" ಎಂದು ಚೀಟಿ ಕೊಡತೊಡಗಿದರು. ಹಾಡುಗಾರ್ತಿ ಎರಡು ಪ್ರಶ್ನೆಗೆ ಚೆನ್ನಾಗಿ ಉತ್ತರ ಕೊಟ್ಟರು. ಮೂರನೆಯದಕ್ಕೆ ಬಾಯಿ ಮುಚ್ಚಿದರು. ಕಣ್ಣು ನನ್ನನ್ನು ದಾಟಿ ಹಿಂದೆ ಹೋಯಿತು.

"ಚೀಟಿ ಬರಕೊಡಾವ್ರು ಯಾರು? ಹರದೇಶಿ ಮಾಸ್ತರೇನು?"

"ಅಲ್ರೀ, ನಮ್ಮ ಸಾಹೇಬ್ರು."

"ನಲವತ್ತು ವರ್ಷ ನೋಡೀನಿ. ಹಾಡಾಂವ ಮುಂದ ಕುಂದರತಾನ, ಸವಾಲ್ ಬರಕೊಡೋ ಮಾಸ್ತರ ಹಿಂದ ಕುಂದರತಾನ. ಇಲ್ಲಿ ತನಕ ಅವ್ರ ಕೇಳ್ಯಾರ. ಈಗ ನಂದು ಪಾಳಿ."

ಸಾಹೇಬರು ಹೆಡ್‌ಫೋನು ತೆಗೆದರು. ಕಾರ್ಯಕ್ರಮದ ಜೀವ ಹೋಗುತ್ತಿರುವುದು ಕಂಡು ನಾನು ಮೈಕನ್ನು ಸಾಹೇಬರ ಬಾಯಿಯ ಮುಂದೆ ಹಿಡಿದೆ.

"ಬಿತ್ತೋ ಕೂರಿಗಿ ಹೆಚ್ಚೋ, ಬೆಳೆಯೋ ಭೂಮಿ ಹೆಚ್ಚೋ?" ಹಾಡುಗಾರ್ತಿ ಮೊದಲ ಸವಾಲು ಹಾಕಿದರು.

ಮೈಕ್ ಕಂಡರೆ ಸಾಹೇಬರಿಗೆ ಕಚೇರಿಯ ಕನ್ನಡ ಬರುತ್ತದೆ. "ಎರಡಕ್ಕೂ ಸಮಾನ ಪ್ರಾಮುಖ್ಯತೆ ಇದೆ."

"ಸಮ ಅಂದ್ರ ಸೋತಂಗ. ಬೀಸೋ ಕಲ್ಲಿನ್ಯಾಗ ತಿರುಗೋ ಮ್ಯಾಲಿನ ಕಲ್ಲು ಹೆಚ್ಚೋ, ಕುಂತ ಕೆಳಗಿನ ಕಲ್ಲು ಹೆಚ್ಚೋ?"

"ಪರಿಶೀಲಿಸಿ ತಿಳಿಸಲಾಗುವುದು."

"ಎರಡ ಆದ್ವು. ನಿಮ್ಮ ಮನಿಯಾಗ ಯಾರ ಮಾತು ನಡೀತೈತಿ?"

ಸಾಹೇಬರು ಕೆಮ್ಮಿದರು. ನೀರು ಕೇಳಿದರು. ಹಾಡುಗಾರ್ತಿ ಗೆದ್ದ ಖುಷಿಯಲ್ಲಿ ದಪ್ಪು ಎತ್ತಿಕೊಂಡು ಬಡಿಯುತ್ತಾ ಹಾಡಿದರು, ಬದುಕಿನ ಕಥೆ ಹೇಳಿದರು, ಅತ್ತರು, ನಗಿಸಿದರು. ಆರು ವರ್ಷದಲ್ಲೇ ಅಂಥ ಅರ್ಧ ತಾಸು ನನಗೆ ಸಿಕ್ಕಿರಲಿಲ್ಲ. ಪ್ರಸಾರವಾಯಿತು. ಕೇಳಿದವರೆಲ್ಲ ಹೊಗಳಿದರು.

ಮೂರನೇ ದಿನ ದೊಡ್ಡ ಆಫೀಸಿನಿಂದ ಸಾಹೇಬರಿಗೆ ಫೋನು ಬಂತು. ಮೇಲಿನ ಅಧಿಕಾರಿ.

"ಆ ಕಾರ್ಯಕ್ರಮದಲ್ಲಿ ನಿಮ್ಮ ದನಿ ಇದೆಯಲ್ಲ, ಅದು ಅವನೇ ಮಾಡಿದ್ದಲ್ಲವೇ?"

"ಇಲ್ಲ ಸರ್, ನಾನೇ ಹೋಗಿದ್ದೆ."

"ಯಾರ ದನಿ ಬೇಕಾದರೂ ಮಾಡುತ್ತಾನೆ ಅಂತ ನೀವೇ ಬರೆದಿದ್ದೀರಿ. ನೀವು ಕೇಂದ್ರ ಬಿಟ್ಟು ಹೊರಗೆ ಹೋದ ಒಂದು ದಾಖಲೆಯೂ ಇಲ್ಲಿಲ್ಲ. ಈಗ ಮಾತಾಡುತ್ತಿರುವುದಾದರೂ ನೀವೇನಾ?"

ಸಾಹೇಬರು ಫೋನು ಇಟ್ಟರು. ಆವತ್ತೇ ಕೂತು ಪತ್ರ ಬರೆದರು: ಈ ಕಾರ್ಯಕ್ರಮದಲ್ಲಿ ಇದುವರೆಗೆ ಕೇಳಿಬಂದ ಎಲ್ಲ ದನಿಗಳೂ ನಿಜವಾದ ಮನುಷ್ಯರವು ಎಂದು ಈ ಮೂಲಕ ದೃಢೀಕರಿಸಲಾಗಿದೆ. ನಾನು ಹತ್ತಿರವೇ ನಿಂತಿದ್ದೆ. "ಸಾಹೇಬ್ರ, ನಾಯಿದೂ ಬರೀರಿ" ಎಂದೆ. ಹಲ್ಲು ಕಚ್ಚಿ ಅದನ್ನೂ ಬರೆದು ಸಹಿ ಹಾಕಿದರು. ನನ್ನ ಕಾರ್ಯಕ್ರಮ ಉಳಿಯಿತು. ಸುಳ್ಳು ಯಾಕೆ ಹೇಳಲಿ, ಆ ಸಹಿ ನೋಡಿ ನನಗೆ ಕಣ್ಣೀರು ಬಂತು.

ಆದರೆ ಮೇಲಿನ ಅಧಿಕಾರಿಗೆ ಪತ್ರ ಸಾಲಲಿಲ್ಲ. ಸಾಹೇಬರನ್ನು ಅಲ್ಲಿ ಕಣ್ಣಾರೆ ಕಂಡವರು ಬೇಕು ಎಂದರು. ನನ್ನ ಮಾತು ನಡೆಯುವುದಿಲ್ಲ, ಹಾಗಾಗಿ ಹಾಡುಗಾರ್ತಿಗೇ ಫೋನು ಹಚ್ಚಿ ಮೂವರನ್ನೂ ಕೂಡಿಸಿದೆವು. ಸಾಹೇಬರು ಫೋನಿನ ಮೇಲೆ ಬಗ್ಗಿ ನಿಂತರು.

"ತಾಯಿ, ಆವತ್ತು ನಿಮ್ಮ ಮನೆಗೆ ರೇಡಿಯೋದ ಸಾಹೇಬರು ಬಂದಿದ್ದರಾ?" ಎಂದು ಅಧಿಕಾರಿ ಕೇಳಿದರು.

"ಸಾಹೇಬ್ರು ಯಾರೂ ಬಂದಿಲ್ಲರೀ," ಎಂದರು ಹಾಡುಗಾರ್ತಿ, ಸ್ಪಷ್ಟವಾಗಿ. "ಎದುರ ಪಾರ್ಟಿಯ ಮಾಸ್ತರ ಒಬ್ಬರು ಬಂದಿದ್ರು. ಮೂರು ಸವಾಲ್ ಹಾಕಿದೆ, ಒಂದಕ್ಕೂ ಜವಾಬ್ ಬರಲಿಲ್ಲ. ಪಾಪ, ಅವರಿಗೇನೂ ಅನಬ್ಯಾಡ್ರಿ. ಈಗ ಹೊಸದಾಗಿ ಕಲಿಯಾಕತ್ತಾರ."