ಒಳಕೋಣೆಯ ಸರ್ವರ್ ಮತ್ತು ನೀಲಮ್ಮನವರ ಹೆಸರು

ವೈರನ್ನು ಇಲಿ ಕಡಿದಿರಬಹುದು. ಅಫಜಲಪುರದ ಕರೆಂಟು ದಿನಕ್ಕೆ ಹತ್ತು ಸಲ ಹೋಗಿ ಬರುವ ಗಡಿಬಿಡಿಯಲ್ಲಿ ಹಾರ್ಡ್ ಡಿಸ್ಕಿನ ತಲೆ ಕೆಟ್ಟಿರಬಹುದು. ನಮ್ಮ ಬಿಸಿಲಿಗೆ ಒಳಗಿನ ಬೆಸುಗೆಯೇ ಕರಗಿರಬಹುದು. ವೈರಸ್ ಬಂದಿರಬಹುದು, ಬಂದಿದ್ದರೆ ಕಲಬುರಗಿಯಿಂದ ತಂದ ಫ್ಲಾಪಿಯಲ್ಲೇ, ಅಂದರೆ ನನ್ನ ಜೇಬಿನಲ್ಲೇ ಕೂತು, ಟಿಕೆಟ್ಟಿಲ್ಲದೆ ಕೆಂಪು ಬಸ್ಸಿನಲ್ಲಿ ಬಂದಿರಬೇಕು. ಕ್ಯಾಷ್ ಮೆಮರಿ ಎಂಬುದೊಂದು ಇರುತ್ತದಂತೆ, ಅದು ಕೈಕೊಟ್ಟಿರಬಹುದು. ಹೀಗೆ ಹದಿನಾಲ್ಕು ಕಾರಣಗಳನ್ನು ಒಂದು ಹಾಳೆಯ ಮೇಲೆ ಬರೆದು, ಹದಿನೈದನೆಯದಾಗಿ 'ನನ್ನ ಗ್ರಹಚಾರ' ಎಂದು ಸೇರಿಸಿದ್ದೆ.

ನಾನು ಹುಟ್ಟಾ ಚಿಂತೆಗಾರ. ಮನೆಗೆ ಬೀಗ ಹಾಕಿ ಬಸ್‌ಸ್ಟ್ಯಾಂಡ್ ಮುಟ್ಟಿದ ಮೇಲೆ, ಬೀಗ ಬಿದ್ದಿದೆಯೋ ಇಲ್ಲವೋ ಎಂದು ಎಳೆದು ನೋಡಲು ವಾಪಸ್ಸು ಬರುವ ಜಾತಿ. ಒಮ್ಮೆ ಹಾಗೆ ಬಂದು ಎಳೆಯುತ್ತಿದ್ದಾಗ ಹೆಂಡತಿ ಶಾಂತಾ ಒಳಗಿನಿಂದ, "ಬೀಗ ಗಟ್ಟಿ ಅದರಿ. ನಾ ಒಳಗ ಇದ್ದೇನಿ, ಅಷ್ಟು ನೆನಪಿಟ್ಕೋರಿ ಸಾಕು" ಎಂದಿದ್ದಳು.

ತೊಂಬತ್ತರ ದಶಕ ಮುಗಿಯುತ್ತಾ ಬಂದ ದಿನಗಳು ಅವು. ನಾನು ಮನೆಯಲ್ಲೇ ಎರಡು ಕಂಪ್ಯೂಟರ್ ಇಟ್ಟುಕೊಂಡು ಲಗ್ನಪತ್ರಿಕೆ ಜೋಡಿಸಿ ಕೊಡುತ್ತಿದ್ದೆ. ಒಂದು ಪಡಸಾಲೆಯಲ್ಲಿ, ಪ್ರಿಂಟರ್ ಜೊತೆ. ಇನ್ನೊಂದು ತಂಪಿರಲೆಂದು ಒಳಕೋಣೆಯಲ್ಲಿ, ಜೋಳದ ಚೀಲಗಳ ಪಕ್ಕದಲ್ಲಿ. ಫೈಲುಗಳೆಲ್ಲ ಒಳಗಿನದರಲ್ಲಿ, ಹೊರಗಿನದು ವೈರಿನ ಮೂಲಕ ಅಲ್ಲಿಂದ ತರಿಸಿಕೊಂಡು ಮುದ್ರಿಸುತ್ತಿತ್ತು. ಈ ಒಳಗಿನದನ್ನು 'ಸರ್ವರ್' ಎಂದು ಕರೆಯಬೇಕೆಂದು ತಿಳಿದ ದಿನದಿಂದ ನಾನು ಅದರೆದುರು ಚಪ್ಪಲಿ ಹಾಕಿಕೊಂಡು ಕೂತವನಲ್ಲ.

ಲಗ್ನಪತ್ರಿಕೆಯಲ್ಲಿ ಗಂಡು ಹೆಣ್ಣಿನ ಹೆಸರು ಜೋಡಿಸುವುದು ಐದು ನಿಮಿಷದ ಕೆಲಸ. ಕೆಳಗೆ 'ಸುಖಾಗಮನ ಬಯಸುವವರು' ಅಂತ ಬರುತ್ತದಲ್ಲ, ಅಲ್ಲಿದೆ ಕುರುಕ್ಷೇತ್ರ. ಬೆಳಿಗ್ಗೆ ದೊಡ್ಡಪ್ಪ ಬಂದು ತನ್ನ ಹೆಸರನ್ನು ಮೇಲೆ ಹಾಕಿಸುತ್ತಾನೆ. ಮಧ್ಯಾಹ್ನ ಸೋದರಮಾವ ಬಂದು, "ಅಂವಾ ಮ್ಯಾಲ, ನಾವು ಕೆಳಗೇನು?" ಎನ್ನುತ್ತಾನೆ. ಸಂಜೆ ಇಬ್ಬರೂ ರಾಜಿಯಾಗಿ ಬಂದು ಬೆಳಗಿನದೇ ಇರಲಿ ಎನ್ನುತ್ತಾರೆ. ಅದಕ್ಕೇ ನಾನು ಹಳೆಯದನ್ನು ಅಳಿಸುತ್ತಲೇ ಇರಲಿಲ್ಲ. ದೊಡ್ಡಪ್ಪನದೊಂದು ಪ್ರತಿ, ಮಾವನದೊಂದು ಪ್ರತಿ, ಯಾವುದಾದರೂ ಕೆಟ್ಟರೆ ಎಂದು ಪ್ರತಿಯೊಂದಕ್ಕೂ ಇನ್ನೊಂದು ಪ್ರತಿ. ನಾನು ಪತ್ರಿಕೆ ಮಾಡಿಕೊಟ್ಟ ದಂಪತಿಗಳ ಮಕ್ಕಳು ಶಾಲೆಗೆ ಹೋಗುತ್ತಿದ್ದರೂ ಅವರ ಸೋದರಮಾವಂದಿರ ಜಗಳ ನನ್ನ ಸರ್ವರಿನಲ್ಲಿ ಭದ್ರವಾಗಿತ್ತು.

ಆಗ ಬಂದವರು ನೀಲಮ್ಮನವರು. ನಮ್ಮ ಓಣಿಯವರೇ. ಗಂಡ ತೀರಿ ಹತ್ತು ವರ್ಷವಾಗಿತ್ತು. ಹೊಲಿಗೆ ಮಷಿನ್ ತುಳಿದು ಮಗಳನ್ನು ಓದಿಸಿದ್ದರು. ಮಗಳು ಸುಜಾತಾ ನೆಲೋಗಿಯಲ್ಲಿ ಟೀಚರು, ಆಕೆಯ ಲಗ್ನ ನಿಶ್ಚಯವಾಗಿತ್ತು. ಪದ್ಧತಿಯ ಪ್ರಕಾರ ಕರಜಗಿಯಲ್ಲಿರುವ ಹುಡುಗಿಯ ದೊಡ್ಡಪ್ಪನ ಹೆಸರಿನಲ್ಲಿ ಪತ್ರಿಕೆ ಜೋಡಿಸಿದ್ದೆ. ಗಂಡನಿಲ್ಲದ ಹೆಂಗಸಿನ ಹೆಸರನ್ನು ಆಗೆಲ್ಲ ಹಾಕುತ್ತಿರಲಿಲ್ಲ, ನಾನೂ ಕೇಳಲಿಲ್ಲ. ಸುಜಾತಾ ಅದನ್ನು ನೋಡಿ, "ಕಾಕಾ, ನಮ್ಮವ್ವನ ಹೆಸರಿಲ್ಲಂದ್ರ ಇದು ನನ್ನ ಲಗ್ನದ ಪತ್ರಿಕೆ ಅಲ್ಲ. ಎಲ್ಲಾರಕಿಂತ ಮ್ಯಾಲ ಆಕೀ ಹೆಸರೇ ಇರಬೇಕು" ಎಂದಳು. ದೊಡ್ಡಪ್ಪನೂ ಬಂದು, ಚಹಾ ಕುಡಿದು, ಬಹಳ ಹೊತ್ತು ಮೀಸೆ ತಿರುವಿ, "ಹಾಕ್ರಿ. ಆದ್ರ ನನ್ನ ಹೆಸರಿನ ಅಕ್ಷರ ಮಾತ್ರ ಸಣ್ಣ ಮಾಡಬ್ಯಾಡ್ರಿ" ಎಂದು ಒಪ್ಪಿದರು.

ನಾನು ಒಳಗೆ ಕೂತು ಮೇಲಿನ ಸಾಲಿನಲ್ಲಿ 'ಶ್ರೀಮತಿ ನೀಲಮ್ಮ' ಎಂದು ಸೇರಿಸಿದೆ. ಪಡಸಾಲೆಗೆ ಬಂದು ಮುದ್ರಿಸಿದೆ. ಹಾಳೆಯ ಮೇಲಿನ ಸಾಲಿನಲ್ಲಿ ದೊಡ್ಡಪ್ಪನೇ ಬಂದರು. ಒಳಗೆ ಹೋಗಿ ನೋಡಿದೆ, ಪರದೆಯ ಮೇಲೆ ನೀಲಮ್ಮ ಇದ್ದರು. ಹೊರಗೆ ಮುದ್ರಿಸಿದೆ, ಮತ್ತೆ ದೊಡ್ಡಪ್ಪ. ಎರಡು ದಿನ ಹೀಗೇ ನಡೆಯಿತು. ನೀಲಮ್ಮನವರು ಮೂರು ಸಲ ಬಂದು ಮೂರು ಸಲವೂ ಹಳೆಯದನ್ನೇ ನೋಡಿದರು. ಮೂರನೆಯ ಸಲ ಅವರು ಸಿಟ್ಟು ಮಾಡಲಿಲ್ಲ. ಹಾಳೆಯನ್ನು ಮಡಿಸಿ ಮೇಜಿನ ಮೇಲಿಟ್ಟರು.

"ಭಾವನೋರು ನಿಮಗ ಏನರೆ ಹೇಳ್ಯಾರೇನ್ರಿ? ಹೇಳಿದ್ರ ಖರೇ ಹೇಳಿಬಿಡ್ರಿ. ನಾ ಏನೂ ಅನ್ನಂಗಿಲ್ಲ."

"ಛೇ ಛೇ, ಇಲ್ರಿ ಅಕ್ಕಾರ. ಮಷಿನ್ ಕೇಳವಲ್ದು."

"ಮಷಿನ್‌ಗೂ ನಾ ಬ್ಯಾಡಾಗೇನೇನ್ರಿ?" ಎಂದು ನಕ್ಕು ಎದ್ದು ಹೋದರು. ಆ ನಗುವಿಗಿಂತ ಅವರು ನಾಲ್ಕು ಬೈದಿದ್ದರೆ ನನಗೆ ಊಟ ಸೇರುತ್ತಿತ್ತು.

ಮರುದಿನ ಮಧ್ಯಾಹ್ನದ ಬಸ್ಸಿಗೆ ಪತ್ರಿಕೆ ಕಲಬುರಗಿಯ ಪ್ರೆಸ್ಸಿಗೆ ಹೋಗಲೇಬೇಕಿತ್ತು. ತಪ್ಪಿದರೆ ಮೊದಲು ಮಾಡಿದ್ದೇ ಅಚ್ಚಾಗುವುದು ಎಂದು ದೊಡ್ಡಪ್ಪ ಹೇಳಿ ಹೋಗಿದ್ದರು. ನಾನು ಜೇವರ್ಗಿಯ ಮೆಹಬೂಬನಿಗೆ ಫೋನು ಮಾಡಿದೆ. ನನ್ನದೇ ವಯಸ್ಸಿನವನು, ಮೊದಲು ರೇಡಿಯೊ, ಆಮೇಲೆ ಟೇಪ್‌ರೆಕಾರ್ಡರ್, ಈಗ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ. ಬೆಳಗಿನ ಮೊದಲ ಬಸ್ಸಿಗೇ ಬಂದ. ನಾನು ಹದಿನೈದು ಕಾರಣಗಳ ಹಾಳೆಯನ್ನು ಅವನ ಕೈಗಿಟ್ಟೆ. ಪೂರ್ತಿ ಓದಿದ.

"ಸಾಹೇಬ್ರ, ಇಷ್ಟೆಲ್ಲಾ ಆಗಿದ್ರ ಮಷಿನ್ ಅಲ್ರಿ, ಮನೀನೇ ಉಳೀತಿರಲಿಲ್ಲ. ಫಿಕರ್ ಬಿಡ್ರಿ."

ಮೊದಲು ಅವನಿಗೂ ಕ್ಯಾಷ್ ಮೆಮರಿಯ ಮೇಲೆಯೇ ಸಂಶಯ. ಏನದು ಎಂದೆ. "ಕಚೇರಿ ಬಾಗಿಲಾಗ ಜವಾನ ಕುಂತಿರ್ತಾನಲ್ರಿ. ಸಾಹೇಬ್ರು ಅದಾರೇನು ಅಂದ್ರ ಒಳಗ ಹೋಗಿ ನೋಡೂದಿಲ್ಲ, ನಿನ್ನಿ ನೆನಪಿನ ಮ್ಯಾಲೇ ಇಲ್ಲ ಅಂತಾನ. ಹಂಗ ಇದು. ನಿಮ್ಮ ಹೊರಗಿನ ಮಷಿನ್ ಹಳೇದು ನೆನಪಿಟ್ಟು ಅದನ್ನೇ ಕೊಡಾಕತ್ತದೇನೋ." ಹೊರಗಿನ ಕಂಪ್ಯೂಟರಿನ ನೆನಪನ್ನೆಲ್ಲ ಒರೆಸಿದ. ಮುದ್ರಿಸಿದೆವು. ದೊಡ್ಡಪ್ಪ ಬಂದರು. ವೈರು ಬದಲಿಸಿದ. ದೊಡ್ಡಪ್ಪ ಬಂದರು. ಗಂಟೆ ಹನ್ನೊಂದಾಯಿತು. ನೀಲಮ್ಮನವರ ಮನೆಯಿಂದ ಹೊಲಿಗೆ ಮಷಿನ್ನಿನ ಸದ್ದು ಒಂದೇ ಸಮನೆ ಕೇಳುತ್ತಿತ್ತು. ನನಗೆ ಅದು ನನ್ನನ್ನೇ ಹೊಲಿಯುತ್ತಿರುವಂತೆ ಅನಿಸುತ್ತಿತ್ತು.

"ಒಂದ್ ಕೆಲಸ ಮಾಡ್ರಿ" ಎಂದ ಮೆಹಬೂಬ್. "ನೀವು ದಿನಾ ಹೆಂಗ ಮಾಡ್ತೀರಿ, ಹಂಗೇ ನನ್ನ ಮುಂದ ಮಾಡ್ರಿ."

ಒಳಗೆ ಕೂತೆ. ಹೆಸರು ಸೇರಿಸಿದೆ. ಸೇವ್ ಮಾಡಿದೆ. ಎದ್ದೆ.

"ಕೂಡ್ರಿ. ಏನ್ ಬಂದಿತ್ತದು?"

"ಎಲ್ಲಿ?"

"ಪರದೆ ಮ್ಯಾಲ. ಟಣ್ ಅಂತ ಏನೋ ಬಂತು, ನೀವು ಟಪ್ ಅಂತ ಒತ್ತಿದ್ರಿ."

"ಅದಾ? ಎರಡ್ ದಿನದಿಂದ ಬರಾಕತ್ತದ."

"ಏನ್ ಬರದದ ಅದರಾಗ?"

ನಾನು ಪರದೆಯತ್ತ ತಿರುಗಿದೆ, ಅದು ಆಗಲೇ ಹೋಗಿತ್ತು. ಬಾಗಿಲಲ್ಲಿ ನಿಂತಿದ್ದ ಶಾಂತಾ ಸೆರಗನ್ನು ಬಾಯಿಗೆ ಹಿಡಿದುಕೊಂಡು ಅಡುಗೆಮನೆಗೆ ಹೋದಳು. ಮೆಹಬೂಬ್ ತಾನೇ ಇನ್ನೊಮ್ಮೆ ಸೇವ್ ಮಾಡಿ, ಪರದೆಯ ಮೇಲೆ ಬಂದದ್ದನ್ನು ಬೆರಳಿಟ್ಟು ಓದಿ ಹೇಳಿದ: ಡಿಸ್ಕ್ ತುಂಬಿದೆ, ಜಾಗವಿಲ್ಲ, ಫೈಲು ಉಳಿದಿಲ್ಲ.

ಊರಿನ ಸೋದರಮಾವಂದಿರನ್ನೆಲ್ಲ ಸಾಲಾಗಿ ಅಳಿಸಿದೆವು. ಪ್ರತಿಯೊಬ್ಬರನ್ನು ಅಳಿಸುವಾಗಲೂ ನನ್ನ ಬೆರಳು ಕೀಲಿಯ ಮೇಲೆ ನಿಂತುಬಿಡುತ್ತಿತ್ತು. ನಾಳೆ ಬಂದು ಕೇಳಿದರೆ? ಮೆಹಬೂಬ್, "ಅವರಿಗೆ ಮಮ್ಮಕ್ಕಳು ಹುಟ್ಯಾವ್ರಿ, ಒತ್ರಿ" ಎನ್ನುತ್ತಿದ್ದ. ಮುದ್ರಿಸಿದಾಗ ಮೇಲಿನ ಸಾಲಿನಲ್ಲಿ ನೀಲಮ್ಮನವರು ಬಂದರು. ಕರೆಸಿದೆ. ಅವರು ಹೆಸರಿನ ಮೇಲೆ ಬೆರಳಾಡಿಸಿ, ಮಸಿ ಅಂಟಿತೇನೋ ಎಂದು ಗಾಬರಿಯಿಂದ ಬೆರಳು ನೋಡಿಕೊಂಡು, "ಏನಾಗಿತ್ರಿ ಅದಕ್ಕ?" ಎಂದು ಕೇಳಿದರು.

"ದೊಡ್ಡ ತಾಂತ್ರಿಕ ತೊಂದ್ರಿ ಇತ್ರಿ ಅಕ್ಕಾರ" ಎಂದೆ. ಮೆಹಬೂಬ್ ದೇವರಂಥ ಮನುಷ್ಯ, ಸುಮ್ಮನೆ ಚಹಾ ಕುಡಿದ.

ಪತ್ರಿಕೆ ಮಧ್ಯಾಹ್ನದ ಬಸ್ಸಿಗೆ ಹೋಯಿತು. ಅವರಿಗೆ ಅಂದು ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ: ಆಗಬಹುದಾದ ಕೇಡುಗಳನ್ನೆಲ್ಲ ಬರೆದಿಟ್ಟುಕೊಂಡು ಕೂತಿದ್ದ ನಾನು, ಆಗಿರುವುದು ಏನೆಂದು ಯಂತ್ರ ತಾನಾಗಿ ಹೇಳಲು ಬಂದಾಗಲೆಲ್ಲ, ಏನಾದರೂ ಕೆಟ್ಟ ಸುದ್ದಿ ಇದ್ದೀತೆಂದು ಹೆದರಿ, ಓದುವ ಮೊದಲೇ ಎಂಟರ್ ಒತ್ತಿಬಿಡುತ್ತಿದ್ದೆ.