ಪುಸ್ತಕದಲ್ಲಿ ನೆಲ ಸಮತಟ್ಟು

ನಮ್ಮ ಮನೆತನದಲ್ಲಿ ಪದವಿ ಪಡೆದವರಲ್ಲಿ ನಾನೇ ಮೊದಲಿಗ. ಯಾರೂ ಕೇಳುವುದಿಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ. ಕಂಕನಾಡಿಯ ನಮ್ಮ ಸಣ್ಣ ಮನೆಯಲ್ಲಿ ಬಾಗಿಲಿಗೆ ಎದುರಾಗಿ ಪದವಿಪತ್ರವನ್ನು ಕಟ್ಟು ಹಾಕಿಸಿ ಗೋಡೆಗೆ ಬಿಗಿದಿದ್ದೇನೆ. ಗ್ಯಾಸ್ ಸಿಲಿಂಡರಿನವನು ಬಂದರೂ ಮೊದಲು ಅದನ್ನೇ ನೋಡಬೇಕು. ವಾರೆಯಾಗಬಾರದೆಂದು ಕೆಳಗಿನ ಎರಡೂ ಮೂಲೆಗಳನ್ನು ನೆಲದಿಂದ ಅಳೆದು ಸಮ ಮಾಡಿದ್ದೆ. ಗಣಿತದ ಮೇಷ್ಟ್ರು ಹಾಗೆಯೇ ಮಾಡಬೇಕು.

ಇಂಥ ನಾನು ಈ ವರ್ಷ ಒಂಬತ್ತನೇ ತರಗತಿಗೆ ಗರಗಸ, ಸುತ್ತಿಗೆ ಹಿಡಿದು ತ್ರಿಕೋನದ ಪಾಠ ಮಾಡಲು ಹೊರಟೆ. ಕಾರಣ ನಫೀಸಾ. ಉಳ್ಳಾಲದಿಂದ ಅಪ್ಪನ ರಿಕ್ಷಾದಲ್ಲಿ ಬರುವ ಹುಡುಗಿ. ಗಾಲಿಕುರ್ಚಿಯಲ್ಲೇ ಅವಳ ಓಡಾಟ. ನಮ್ಮ ಶಾಲೆಯ ಜಗಲಿಗೆ ಮೆಟ್ಟಿಲುಗಳಿವೆ. ಗೆಳತಿಯರು ಪ್ರತಿದಿನ ಕುರ್ಚಿಸಮೇತ ಅವಳನ್ನು ಎತ್ತಿ ಮೇಲಿಡುತ್ತಿದ್ದರು. ನಾವೆಲ್ಲ ಅದನ್ನು ಸ್ನೇಹ ಎಂದು ಮೆಚ್ಚಿಕೊಂಡಿದ್ದೆವು. ಒಂದು ದಿನ ಅವಳು, "ಹತ್ತನೇ ಕ್ಲಾಸಿಗೆ ನಾನು ಬರುದಿಲ್ಲ ಸರ್. ಅಕ್ಕಿ ಗೋಣಿಯ ಹಾಗೆ ಎತ್ತಿಸಿಕೊಂಡು ಸಾಕಾಯ್ತು" ಎಂದಳು. ಹಾಗಾಗಿ ಪಾಠವನ್ನೇ ಬದಲಾಯಿಸಿದೆ: ಆ ಮೆಟ್ಟಿಲ ಪಕ್ಕಕ್ಕೊಂದು ಮರದ ರ‍್ಯಾಂಪ್.

ಮಕ್ಕಳು ಜಗಲಿಯ ಎತ್ತರ ಅಳೆದರು, ಅನುಪಾತ ಹಾಕಿದರು, ಚಿತ್ರ ಬರೆದರು, ಹಲಗೆ ಕೊಯ್ದರು. ಹೆಡ್‌ಮಿಸ್ ಐರಿನ್ ಟೀಚರ್ ಮೂಗಿಗೆ ಸೆರಗು ಹಿಡಿದು ಇಣುಕಿ, "ಎಂತದು ಸರ್, ಪರೀಕ್ಷೆಗೆ ಮರದ ಹುಡಿ ಬರ್ತದಾ?" ಎಂದು ಕೇಳಿ ಹೋದರು. ನಾನು ಲೆಕ್ಕವನ್ನೆಲ್ಲ ತಿದ್ದಿ, ಕೆಂಪು ಶಾಯಿಯಲ್ಲಿ 'ಸರಿ' ಎಂದು ಬರೆದೆ.

ರ‍್ಯಾಂಪ್ ಇಟ್ಟ ದಿನ ಅದು ಯಾಕೋ ಮುಂದಕ್ಕೆ ವಾಲಿತು. ಮೇಲ್ತುದಿಗೂ ಜಗಲಿಗೂ ನಡುವೆ ಸಂದು. ಲೆಕ್ಕ ಹಾಕಿದ್ದಕ್ಕಿಂತ ಏರು ಹೆಚ್ಚೇ ಇತ್ತು. ನಫೀಸಾ ಅರ್ಧದವರೆಗೆ ಗಾಲಿ ತಿರುಗಿಸಿದಳು. ಆಮೇಲೆ ಕುರ್ಚಿ ಹಿಂದಕ್ಕೆ ಜಾರಿತು. ಗೆಳತಿಯರು ಹಿಡಿದುಕೊಂಡರು. ಅವಳು ಯಾರ ಮುಖವನ್ನೂ ನೋಡಲಿಲ್ಲ. ಮಡಿಲಿನಿಂದ ಬಿದ್ದ ಬಾಟಲಿಯ ನೀರು ಮಾತ್ರ ಅಂಗಳದಲ್ಲಿ ನೇರ ಗೇಟಿನ ಕಡೆಗೆ ಹರಿಯಿತು.

"ಓ ಮಾರಾಯ್ತಿ, ನೆಲವೇ ಇಳಿಜಾರು ಉಂಟು!" ಎಂದಳು ಅವಳ ಗೆಳತಿ ಗ್ಲ್ಯಾಡಿಸ್.

ಮಳೆನೀರು ನಿಲ್ಲಬಾರದೆಂದು ಅಂಗಳವನ್ನು ಇಳಿಜಾರಾಗಿಯೇ ಕಟ್ಟಿದ್ದಾರೆ. ಶಾಲೆಗೆ ಬರುವಾಗ ಬಿಕರ್ನಕಟ್ಟೆಯ ಏರು ಹತ್ತಿ ದಿನಾ ಏದುಸಿರು ಬಿಡುವ ನನಗೂ ಅದು ಹೊಳೆದಿರಲಿಲ್ಲ. ಪಠ್ಯಪುಸ್ತಕದ ಪ್ರತಿ ತ್ರಿಕೋನದ ಕೆಳಗೂ ನೆಲ ಸಮತಟ್ಟು. ನಾನು ಓದಿದ್ದು ಅದನ್ನೇ, ಕಲಿಸಿದ್ದೂ ಅದನ್ನೇ.

"ಪೇಪರಲ್ಲಿ ಚಂದ ಉಂಟು ಸರ್" ಎಂದಳು ನಫೀಸಾ. ನಗಲಿಲ್ಲ. ಲೆಕ್ಕದ ಹಾಳೆಯನ್ನು ನನ್ನ ಕೈಯಿಂದ ತೆಗೆದುಕೊಂಡು, "ಇನ್ನೊಮ್ಮೆ ಲೆಕ್ಕ ನಾನು ಮಾಡ್ತೇನೆ. ನೀವು ಸರಿ ಹಾಕ್ಬೇಡಿ" ಎಂದಳು.

ಪಾರದರ್ಶಕ ಪೈಪಿನಲ್ಲಿ ನೀರು ತುಂಬಿ, ಎರಡು ತುದಿಯ ನೀರಿನ ಮಟ್ಟ ನೋಡಿ ಅಂಗಳದ ಇಳಿತವನ್ನು ಅಳೆದೆವು. ಅವಳು ಅದನ್ನೂ ಜಗಲಿಯ ಎತ್ತರಕ್ಕೆ ಕೂಡಿಸಿದಳು. ರ‍್ಯಾಂಪ್ ಇನ್ನಷ್ಟು ಉದ್ದವಾಯಿತು, ಐರಿನ್ ಟೀಚರ್ ಸ್ಕೂಟರ್ ನಿಲ್ಲಿಸುವ ಜಾಗವನ್ನೂ ನುಂಗಿತು. ಅವರು ಗೊಣಗುತ್ತಾ ಸ್ಕೂಟರನ್ನು ಬಿಸಿಲಿಗೆ ಸರಿಸಿದರು.

ಈ ಸಲ ನಫೀಸಾ ಹತ್ತುವಾಗ ನಾನು ಎರಡೂ ಕೈ ಚಾಚಿಕೊಂಡು ಹಿಂದೆ ನಡೆದೆ. ಅವಳು ತಿರುಗದೆಯೇ, "ಮುಟ್ಬೇಡಿ ಸರ್. ನನ್ನ ಲೆಕ್ಕದ ಮೇಲೆ ಸಂಶಯವಾ?" ಎಂದಳು. ನಾನು ಕೈಗಳನ್ನು ಕಿಸೆಗೆ ಹಾಕಿಕೊಂಡೆ. ಜಗಲಿ ತಲುಪಿದವಳು ಬ್ರೇಕ್ ಹಾಕಿ ಕೇಳಿದಳು: "ಹತ್ತನೇ ಕ್ಲಾಸಿಗೂ ಗಣಿತಕ್ಕೆ ನೀವೇಯಾ? ಮತ್ತೆ ಎಂತ ಮಾಡುದು, ಬರ್ಬೇಕಲ್ಲ."

ಸಂಜೆ ಆ ಪೈಪನ್ನು ಮನೆಗೆ ತಂದು ನೋಡಿದೆ. ನಮ್ಮ ಮನೆಯ ನೆಲವೂ ಬಚ್ಚಲ ಕಡೆಗೆ ವಾಲಿದೆ; ಅದರಿಂದಲೇ ಅಳೆದು ಬಿಗಿದ ನನ್ನ ಪದವಿಯೂ ಇಷ್ಟು ವರ್ಷ ಬಚ್ಚಲ ಕಡೆಗೇ ವಾಲಿಕೊಂಡಿತ್ತು. ಕಿತ್ತು, ನೀರಿನ ಮಟ್ಟಕ್ಕೆ ಸರಿಯಾಗಿ ಬಿಗಿದು, ಅಮ್ಮನನ್ನು ಕರೆದು ತೋರಿಸಿದೆ.

ಅಮ್ಮ ಕತ್ತನ್ನು ಒಂದು ಬದಿಗೆ ಓರೆ ಮಾಡಿ ನೋಡಿದರು. "ಸರಿ ಇದ್ದದ್ದನ್ನು ಯಾಕೆ ವಾರೆ ಮಾಡಿದ್ದು ಮಗಾ?"